ಬೆಪ್ಪು ಊರಿನ ಜಾಣರು

ಜಪಾನಿನ ನೈಋತ್ಯ ಭಾಗದ ದೊಡ್ಡ ದ್ವೀಪ ಕ್ಯೂಶು. ಅದರ ಪೂರ್ವ ಕರಾವಳಿಯ ಓಯಿತಾ ಪ್ರಾಂತ್ಯದಲ್ಲಿ ಬೆಪ್ಪು ಎಂಬ ಊರಿದೆ. ಹೆಸರು ಕೇಳಿ ವಾಚಕರು ನಗಬಹುದು. ಹೊರಡುವ ಮುನ್ನ ನಾವೂ ನಕ್ಕವರೇ. ಆದರೆ ನಾಲ್ಕು ದಿನ ಅಲ್ಲಿದ್ದು ನೋಡಿದ ಮೇಲೆ, ನೆಲದ ಕೆಳಗಿನ ನೀರನ್ನು ಹಂಚಿಕೊಂಡು ಬಾಳುವ ವಿಷಯದಲ್ಲಿ ಆ ಊರಿನವರು ಬೆಪ್ಪರಲ್ಲ, ಜಾಣರು ಎಂದೇ ಹೇಳಬೇಕಾಗಿದೆ. ನೀರಿನ ಚಿಂತೆ ನಮ್ಮ ಸದಸ್ಯರೆಲ್ಲರಿಗೂ ಇರುವುದರಿಂದ ಕಂಡದ್ದನ್ನು ಇಲ್ಲಿ ಬರೆದಿದ್ದೇವೆ.

ನಾವು ಹೋದದ್ದು ಐದು ಮಂದಿ ಸಣ್ಣ ಬೆಳೆಗಾರರು. ಕಾಫಿ ಕೊಯ್ಲು, ಅಡಿಕೆ ಸುಲಿತ ಎರಡೂ ಮುಗಿದು, ಹೂಮಳೆಗಾಗಿ ಆಕಾಶ ನೋಡುವ ಬಿಡುವಿನಲ್ಲಿ ಹೊರಟೆವು. ಖರ್ಚು ಅವರವರದೇ; ಸಂಘದ ಲೆಕ್ಕಕ್ಕೆ ಒಂದು ಪೈಸೆಯೂ ಬಿದ್ದಿಲ್ಲ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇವೆ.

ಹಬೆ ಏಳುವ ಊರು

ಫುಕುವೋಕಾ ನಗರದಿಂದ ರೈಲಿನಲ್ಲಿ ಸುಮಾರು ಎರಡು ಗಂಟೆಯ ಪ್ರಯಾಣ. ಒಂದು ಕಡೆ ಸಮುದ್ರದ ಕೊಲ್ಲಿ, ಇನ್ನೊಂದು ಕಡೆ 1,375 ಮೀಟರ್ ಎತ್ತರದ ತ್ಸುರುಮಿ ಬೆಟ್ಟ. ನಡುವಿನ ಇಳಿಜಾರಿನಲ್ಲಿ ಊರು ಹರಡಿಕೊಂಡಿದೆ. ಮನೆಗಳ ಹಿತ್ತಿಲಿನಿಂದ, ರಸ್ತೆ ಬದಿಯ ಚರಂಡಿಯಿಂದ, ಗುಡ್ಡದ ಓರೆಯಿಂದ ಬಿಳಿಯ ಹಬೆ ಏಳುತ್ತಲೇ ಇರುತ್ತದೆ. ದೂರದಿಂದ ನೋಡಿದಾಗ ಊರಿಗೆ ಊರೇ ಭತ್ತ ಬೇಯಿಸಲು ಒಲೆ ಹೊತ್ತಿಸಿದೆಯೇನೋ ಎನಿಸಿತು.

ಬೆಪ್ಪುವಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬಿಸಿನೀರಿನ ಸೆಲೆಗಳಿವೆ. ಸೆಲೆಗಳ ಸಂಖ್ಯೆಯಲ್ಲಿ ಜಪಾನಿಗೆಲ್ಲ ಇದೇ ಮೊದಲನೆಯದು. ತ್ಸುರುಮಿ ಒಂದು ಜ್ವಾಲಾಮುಖಿ. ಅದು ಕ್ರಿ.ಶ. 867ರಲ್ಲಿ ಸಿಡಿದದ್ದು ದಾಖಲೆಯಲ್ಲಿದೆ. ಬೆಟ್ಟದ ಮೇಲೆ ಬಿದ್ದ ಮಳೆ ನೆಲಕ್ಕಿಳಿದು, ಆಳದ ಶಾಖಕ್ಕೆ ಕಾದು, ಬಂಡೆಗಳ ಬಿರುಕಿನಲ್ಲಿ ಮೇಲೆದ್ದು ಇಳಿಜಾರಿನ ಕೆಳಗೆ ಹೊರಬರುತ್ತದೆ. ಮಳೆಯಾಗಿ ಬಿದ್ದ ನೀರು ಬಿಸಿನೀರಾಗಿ ಮರಳಲು ಸುಮಾರು 50 ವರ್ಷ ಹಿಡಿಯುತ್ತದೆಂದು ಅಂದಾಜು. ಎಂದರೆ, ಇಂದು ಅಲ್ಲಿ ಸ್ನಾನ ಮಾಡುವವನು ತನ್ನ ಅಜ್ಜನ ಕಾಲದ ಮಳೆಯಲ್ಲಿ ಮೀಯುತ್ತಿದ್ದಾನೆ.

ಕುದಿಯುವ ದೊಡ್ಡ ಹೊಂಡಗಳಿಗೆ ಅಲ್ಲಿ 'ಜಿಗೊಕು', ಅಂದರೆ ನರಕ, ಎಂದು ಹೆಸರು. ಒಂದು ಹೊಂಡ ಸಮುದ್ರದಂತೆ ತಿಳಿನೀಲಿ. ನೋಡಲು ತಂಪು, ಆದರೆ ನೀರಿನ ಉಷ್ಣತೆ 98 ಡಿಗ್ರಿ. ಇನ್ನೊಂದು ಕೆಂಪು ಜೇಡಿಯಿಂದ ರಕ್ತದ ಬಣ್ಣ ತಾಳಿದೆ. ಇದು 8ನೆಯ ಶತಮಾನದ ಪ್ರಾಂತ್ಯ ವರ್ಣನೆಯ ಗ್ರಂಥದಲ್ಲೇ ಉಲ್ಲೇಖಗೊಂಡಿದೆ. ಒಂದು ಕಾಲಕ್ಕೆ ಉಳಲೂ ಆಗದ, ಹತ್ತಿರ ಸುಳಿಯಲೂ ಆಗದ ಶಾಪದ ನೆಲವಿದು. ಈಗ ಇದನ್ನು ನೋಡಲೆಂದೇ ಜನ ಹಣ ಕೊಟ್ಟು ಬರುತ್ತಾರೆ.

ಬೇಸಾಯಗಾರರ ವಿಶ್ರಾಂತಿ

ಬೆಪ್ಪುವಿನ ಎಂಟು ಬಿಸಿನೀರಿನ ಪೇಟೆಗಳಲ್ಲಿ ಕನ್ನವಾ ಒಂದು. ಇಪ್ಪೆನ್ ಎಂಬ ಬೌದ್ಧ ಸನ್ಯಾಸಿ 1276ರಲ್ಲಿ ಇಲ್ಲಿನ ನರಕವನ್ನು ಶಾಂತಗೊಳಿಸಿ, ಹಬೆಸ್ನಾನದ ಮನೆ ಕಟ್ಟಿಸಿದನೆಂದು ಸ್ಥಳದ ಐತಿಹ್ಯ. ನಾವು ತಂಗಿದ್ದು ಇಲ್ಲಿಯೇ.

ಹಿಂದೆ ಇಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ರೈತರು ಮತ್ತು ಬೆಸ್ತರು. ನಾಟಿಯೋ ಕೊಯ್ಲೋ ಮುಗಿದ ಮೇಲೆ ಅಕ್ಕಿ ಕಟ್ಟಿಕೊಂಡು ಬಂದು, ಕೋಣೆ ಹಿಡಿದು, ವಾರಗಟ್ಟಲೆ ಇದ್ದು, ಬಿಸಿನೀರಿನಲ್ಲಿ ಸೊಂಟದ ನೋವು ಕಳೆದುಕೊಂಡು ಹೋಗುತ್ತಿದ್ದರು. ಬೆಸ್ತರು ದೋಣಿಯನ್ನು ಬಂದರಿನಲ್ಲಿ ಕಟ್ಟಿ, ದೋಣಿಯಲ್ಲೇ ಮಲಗಿ, ಸ್ನಾನಕ್ಕೆ ಮಾತ್ರ ದಡಕ್ಕೆ ಬರುತ್ತಿದ್ದರಂತೆ. ಅಡುಗೆಗೆ ಸೌದೆ ಬೇಡ. ಅಂಗಳದಲ್ಲಿ ಕಲ್ಲಿನ ಒಲೆ, ಅದರೊಳಗೆ ನೆಲದಿಂದ ನೇರವಾಗಿ ಬರುವ ಹಬೆ. ಬುಟ್ಟಿಯಲ್ಲಿ ಗೆಣಸು, ಕುಂಬಳ, ಜೋಳದ ತೆನೆ ಇಟ್ಟು ಮುಚ್ಚಳ ಮುಚ್ಚಿದರೆ ಆಯಿತು. ಕಡುಬಿನ ನಾಡಿನವರಾದ ನಮಗೆ ಇದು ಹೊಸ ವಿದ್ಯೆಯಾಗಿ ಕಾಣಲಿಲ್ಲ. ಒಲೆಗೆ ಬೆಂಕಿ ಹಾಕುವ ಕೆಲಸವಿಲ್ಲ ಎಂಬುದೇ ಹೊಸತು. ಹಬೆಯಲ್ಲಿ ಬೆಂದ ಗೆಣಸಿಗೆ ತುಸು ಉಪ್ಪಿನ ರುಚಿ ಹತ್ತಿರುತ್ತದೆ.

ಈ ಅತಿಥಿಗಳಿಗೆ ಬೇಕಾದ ಅನ್ನದ ಬುಟ್ಟಿ, ಸೋಸುವ ಬುಟ್ಟಿ ಹೆಣೆಯುತ್ತ ಬೆಪ್ಪುವಿನ ಬಿದಿರಿನ ಕಸುಬು ಬೆಳೆಯಿತು. 1979ರಲ್ಲಿ ಅದಕ್ಕೆ ಸರ್ಕಾರದಿಂದ ಸಾಂಪ್ರದಾಯಿಕ ಕರಕುಶಲ ಎಂಬ ಮಾನ್ಯತೆ ದೊರೆಯಿತು.

ಹುಲ್ಲು ಮಾಡಿನ ಕೆಳಗಿನ ಬೆಳೆ

ಇನ್ನಷ್ಟು ಮೇಲೆ ಮ್ಯೋಬಾನ್ ಎಂಬ ಪೇಟೆ. ಮ್ಯೋಬಾನ್ ಎಂದರೆ ಪಟಿಕ. ಇಲ್ಲಿ ನಮ್ಮ ಹಳೆಯ ಸೋಗೆ ಮನೆಗಳನ್ನು ನೆನಪಿಸುವ ಹುಲ್ಲಿನ ಗುಡಿಸಲುಗಳು ಸಾಲಾಗಿವೆ. ಒಳಗೆ ವಾಸವಿಲ್ಲ, ಅಲ್ಲಿ 'ಯುನೊಹಾನಾ', ಅಂದರೆ ಬಿಸಿನೀರಿನ ಹೂವು, ಬೆಳೆಯುತ್ತದೆ. ನೆಲಕ್ಕೆ ಕಲ್ಲು ಹಾಸಿ, ಅದರ ಮೇಲೆ ಸ್ಥಳೀಯ ನೀಲಿ ಜೇಡಿಮಣ್ಣು ಹರಡುತ್ತಾರೆ. ಕಲ್ಲಿನ ಸಂದಿನಿಂದ ಗಂಧಕದ ಹಬೆ ಮೇಲೆ ಬಂದು ಜೇಡಿಯೊಡನೆ ಕೂಡಿದಾಗ ಹರಳು ಮೂಡುತ್ತದೆ. ದಿನಕ್ಕೆ ಒಂದು ಮಿಲಿಮೀಟರಿನಷ್ಟು ಬೆಳವಣಿಗೆ. ನಲವತ್ತರಿಂದ ಅರವತ್ತು ದಿನಕ್ಕೆ ಕೊಯ್ಲು. ಅದನ್ನು ಶುದ್ಧಮಾಡಿ, ಮನೆಯ ಸ್ನಾನದ ನೀರಿಗೆ ಬೆರೆಸಲು ಪುಡಿಯಾಗಿ ಮಾರುತ್ತಾರೆ.

ತಗಡಿನ ಮಾಡು ಏಕಿಲ್ಲ ಎಂದು ನಮ್ಮಲ್ಲೊಬ್ಬರು ಕೇಳಿದರು. ಉತ್ತರ ಸರಳ. ತಗಡಿನಲ್ಲಿ ಹಬೆ ತಣಿದು ಹನಿಯಾಗಿ ಕೆಳಗೆ ಬೀಳುತ್ತದೆ; ಹನಿ ಬಿದ್ದರೆ ಹರಳು ಕರಗುತ್ತದೆ. ಹುಲ್ಲಿನ ಮಾಡು ಮಳೆಯನ್ನು ತಡೆಯುತ್ತದೆ, ಹಬೆಯನ್ನು ಹೊರಗೆ ಬಿಡುತ್ತದೆ. ಅಂಗಳದಲ್ಲಿ ಅಡಿಕೆ ಹರವಿ ಅಕಾಲ ಮಳೆಗೆ ಹೆದರುವ ನಮಗೆ ಈ ಮಾತು ಬೇಗ ಅರ್ಥವಾಯಿತು. ಪಟಿಕ ತೆಗೆಯಲು ಎಡೊ ಕಾಲದಲ್ಲಿ ಆರಂಭವಾದ ಈ ಕ್ರಮವನ್ನು 2006ರಲ್ಲಿ ಜಪಾನ್ ಸರ್ಕಾರ ಸಂರಕ್ಷಿತ ಜಾನಪದ ವಿದ್ಯೆಯೆಂದು ಘೋಷಿಸಿತು.

ಕೇರಿಯ ಸ್ನಾನದ ಮನೆ

ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಕೇರಿ ಕೇರಿಯಲ್ಲಿರುವ ಸಾಮೂಹಿಕ ಸ್ನಾನದ ಮನೆಗಳು. ಹಲವು ಕಡೆ ಕೆಳಗೆ ಸ್ನಾನದ ತೊಟ್ಟಿ, ಮೇಲೆ ಕೇರಿಯ ಸಭಾಭವನ. ಇವನ್ನು ನಡೆಸುವವರು ಆಯಾ ಕೇರಿಯ ನಿವಾಸಿಗಳೇ. ತಿಂಗಳ ವಂತಿಗೆ ಕೊಡುತ್ತಾರೆ, ಸರದಿಯಂತೆ ತೊಟ್ಟಿ ತೊಳೆಯುತ್ತಾರೆ. ಅನೇಕ ಕಡೆ ಹೊರಗಿನವರೂ ಚಿಲ್ಲರೆ ಕಾಸು ಕೊಟ್ಟು ಮೀಯಬಹುದು. ಊರಿನ ನಡುವಿನ ತಕೆಗವಾರಾ ಸ್ನಾನಗೃಹ ನಗರಸಭೆಯದು. 1879ರಲ್ಲಿ ಆರಂಭವಾಗಿ, ಈಗಿನ ಮರದ ಕಟ್ಟಡ 1938ರದು. ಅಲ್ಲಿ ಬಿಸಿ ಮರಳಿನಲ್ಲಿ ಕುತ್ತಿಗೆಯವರೆಗೆ ಹೂತು ಮಲಗಿಸುವ ಏರ್ಪಾಡೂ ಇದೆ.

ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ತೊಟ್ಟಿ. ಮೈಮೇಲೆ ಬಟ್ಟೆ ಇರಕೂಡದು. ಮೊದಲ ದಿನ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಾಗಿಲಲ್ಲೇ ನಿಂತೆವು. ಎರಡನೆಯ ದಿನ ನಾಚಿಕೆ ಹೋಯಿತು. ತೊಟ್ಟಿಗೆ ಇಳಿಯುವ ಮೊದಲು ಹೊರಗೆ ಕುಳಿತು ಸೋಪು ಹಚ್ಚಿ ಮೈ ತೊಳೆದುಕೊಳ್ಳಬೇಕು. ನೀರು ಎಲ್ಲರದು, ಆದ್ದರಿಂದ ಕೊಳೆ ಹೊರಗೇ ಬಿಡಬೇಕು. ಗೋಡೆಯ ಮೇಲಿನ ಸೂಚನೆಗಿಂತ ಪಕ್ಕದಲ್ಲಿ ಕುಳಿತ ಹಿರಿಯರ ಕಣ್ಣೇ ಈ ನಿಯಮವನ್ನು ಕಾಯುತ್ತದೆ.

ನೀರು ಧಾರಾಳವಾಗಿರುವಲ್ಲಿ ನಿಯಮ ಏಕೆ? ನೆಲದಡಿಯ ಶಾಖವಾಗಲಿ ನೀರಾಗಲಿ ಮುಗಿಯದ ನಿಧಿಯಲ್ಲ. ಒಂದು ಕಡೆ ಹೆಚ್ಚು ಎಳೆದರೆ ಇನ್ನೊಂದು ಕಡೆ ಸೆಲೆ ಸೊರಗುತ್ತದೆ. ಜಪಾನಿನ 1948ರ ಬಿಸಿನೀರು ಬುಗ್ಗೆಗಳ ಕಾನೂನಿನಂತೆ, ಸ್ವಂತ ಜಮೀನಿನಲ್ಲಿಯೂ ಪ್ರಾಂತ್ಯದ ಗವರ್ನರರ ಅನುಮತಿಯಿಲ್ಲದೆ ಬಿಸಿನೀರಿಗೆ ಕೊರೆಯುವಂತಿಲ್ಲ. ಬೆಪ್ಪುವಿನ ಕೆಲವು ಭಾಗಗಳನ್ನು ವಿಶೇಷ ರಕ್ಷಣೆಗೆ ಒಳಪಡಿಸಿ, ಅಲ್ಲಿ ಹೊಸ ಕೊರೆತಕ್ಕೆ ತಡೆ ಹಾಕಿದ್ದಾರೆ. ಕ್ಯೋಟೊ ವಿಶ್ವವಿದ್ಯಾನಿಲಯದ ಸಂಶೋಧನಾಲಯವೊಂದು 1924ರಿಂದ ಇದೇ ಊರಿನಲ್ಲಿದ್ದು ಬಿಸಿನೀರಿನ ಅಧ್ಯಯನ ನಡೆಸುತ್ತ ಬಂದಿದೆ. 2016ರಲ್ಲಿ ಊರಿನ ನಾಗರಿಕರೇ ಸಂಶೋಧಕರೊಡನೆ ಸೇರಿ, ಒಂದೇ ದಿನ ಊರಿನುದ್ದಕ್ಕೂ ಸೆಲೆಗಳ ಉಷ್ಣತೆಯನ್ನು ಅಳೆದರು.

ಕೊರತೆಯೂ ಇಲ್ಲದಿಲ್ಲ. ಕೇರಿಯಲ್ಲಿ ವಯಸ್ಸಾದವರೇ ಉಳಿದು, ತೊಟ್ಟಿ ತೊಳೆಯಲು ಆಳಿಲ್ಲದೆ ಕೆಲವು ಸ್ನಾನದ ಮನೆಗಳು ಬಾಗಿಲು ಹಾಕಿವೆ. ಮಕ್ಕಳು ಪಟ್ಟಣ ಸೇರಿದ ತೋಟದ ಮನೆಗಳನ್ನು ಕಂಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೋತಿಗಳ ಬೆಟ್ಟ

ಬೆಪ್ಪುವಿನಿಂದ ಓಯಿತಾ ನಗರಕ್ಕೆ ಹೋಗುವ ಸಮುದ್ರದಂಚಿನ ದಾರಿಯಲ್ಲಿ ತಕಸಾಕಿ ಬೆಟ್ಟವಿದೆ. ಅಲ್ಲಿನ ಕೋತಿಗಳು ಸುತ್ತಲಿನ ರೈತರ ಬೆಳೆಯನ್ನು ಹಾಳುಮಾಡುತ್ತಿದ್ದವು. ಆಗ ಓಯಿತಾದ ಮೇಯರ್ ಆಗಿದ್ದ ಉಎದಾ ತಮೋತ್ಸು 1952ರಲ್ಲಿ ಒಂದು ಉಪಾಯ ಹೂಡಿದರು. ಶಂಖ ಊದಿ ಕರೆದು, ಬೆಟ್ಟದ ಬುಡದಲ್ಲೇ ಗೆಣಸು ಮುಂತಾದ ಆಹಾರ ಹಾಕಿಸಿದರು. 1953ರಲ್ಲಿ ಅದನ್ನು ಪ್ರೇಕ್ಷಣೀಯ ಸ್ಥಳವಾಗಿ ತೆರೆದರು. ಬೆಳೆಗೆ ಕಾಟ ಕಡಿಮೆಯಾಯಿತು, ಊರಿಗೆ ವರಮಾನವೂ ಬಂತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೊದಲಿಗೆ ಇನ್ನೂರರಷ್ಟಿದ್ದ ಕೋತಿಗಳು ಕುಳಿತಲ್ಲಿ ಊಟ ಸಿಕ್ಕಿದ್ದರಿಂದ ಮುಂದೆ ಎರಡು ಸಾವಿರವನ್ನೂ ದಾಟಿದವು. ಬೆಟ್ಟದ ಮರಗಳಿಗೆ ಹಾನಿಯಾಯಿತು. ಆಹಾರವನ್ನು ಕಡಿಮೆ ಮಾಡುತ್ತ ಬಂದು ಸಂಖ್ಯೆಯನ್ನು ಇಳಿಸಬೇಕಾಯಿತು. ಏಲಕ್ಕಿ, ಬಾಳೆ, ಎಳೆಯಡಿಕೆಯನ್ನು ಮಂಗಗಳಿಗೆ ಒಪ್ಪಿಸುತ್ತಿರುವ ನಮ್ಮ ಸದಸ್ಯರು ಶಂಖ ಕೊಳ್ಳುವ ಮುನ್ನ ಈ ಎರಡನೆಯ ಭಾಗವನ್ನೂ ಓದಿಕೊಳ್ಳಲಿ.

ಮೀನಿಗೂ ಒಂದು ಹೆಸರು

ಮೂರನೆಯ ದಿನ ಕರಾವಳಿ ಹಿಡಿದು ಸಾಗನೊಸೆಕಿ ಎಂಬ ಬೆಸ್ತರ ಊರಿಗೆ ಹೋದೆವು. ಎದುರಿಗೆ ಶಿಕೋಕು ದ್ವೀಪ, ನಡುವೆ ರಭಸದ ಪ್ರವಾಹದ ಜಲಸಂಧಿ. ಇಲ್ಲಿ ಬಂಗುಡೆ ಜಾತಿಯ ಮೀನುಗಳನ್ನು ಬಲೆ ಬೀಸದೆ ಗಾಳದಿಂದ ಒಂದೊಂದಾಗಿ ಹಿಡಿಯುತ್ತಾರೆ. ಕೈತಾಗಿ ಮೀನು ಕೆಡಬಾರದೆಂದು ತಕ್ಕಡಿಗೂ ಹಾಕುವುದಿಲ್ಲ. ನೀರಿನಲ್ಲಿ ಈಜುವಾಗಲೇ ಕಣ್ಣಳತೆಯಲ್ಲಿ ತೂಕ ಅಂದಾಜಿಸಿ ಬೆಲೆ ಕಟ್ಟುತ್ತಾರೆ. ಅಳತೆ ಮಾಡುವವರ ಮೇಲೆ ಬೆಸ್ತರಿಗೆ ನಂಬಿಕೆಯಿದ್ದರೆ ಮಾತ್ರ ನಡೆಯುವ ವ್ಯಾಪಾರವಿದು. ಬೆಸ್ತರ ಸಹಕಾರ ಸಂಘವೇ ಮೀನು ಕೊಂಡು 'ಸೆಕಿ' ಎಂಬ ಹೆಸರಿನಲ್ಲಿ ಮಾರುತ್ತದೆ. 1996ರಲ್ಲಿ ಆ ಹೆಸರು ವ್ಯಾಪಾರ ಮುದ್ರೆಯಾಗಿ ನೋಂದಣಿಯಾಯಿತು. ಬೇರೆಡೆ ಅಗ್ಗವಾಗಿ ಹೋಗುವ ಜಾತಿಯ ಮೀನೇ ಇಲ್ಲಿಯ ಹೆಸರು ಹೊತ್ತರೆ ಹಲವು ಪಟ್ಟು ಬೆಲೆ ಪಡೆಯುತ್ತದೆ. ಹಳ್ಳಿಗೊಂದು ವಿಶಿಷ್ಟ ಉತ್ಪನ್ನವಿರಲಿ ಎಂಬ ಚಳುವಳಿಯನ್ನು ಗವರ್ನರ್ ಹಿರಮತ್ಸು ಮೊರಿಹಿಕೊ 1979ರಲ್ಲಿ ಆರಂಭಿಸಿದ್ದು ಇದೇ ಪ್ರಾಂತ್ಯದಲ್ಲಿ.

ಕೊನೆಯ ದಿನ ಕೊಲ್ಲಿಯ ಉತ್ತರ ದಡ. ಅಲ್ಲಿನ ಹಿಜಿ ಪಟ್ಟಣದ ಕೋಟೆಯ ಕೆಳಗೆ ಸಮುದ್ರತಳದಿಂದ ಸಿಹಿನೀರು ಉಕ್ಕುತ್ತದೆ. ಆ ಜಾಗದ ಚಪ್ಪಟೆ ಮೀನಿಗೆ ಹಳೆಯ ಕಾಲದಿಂದ ವಿಶೇಷ ಹೆಸರಿದೆ. ಅದರಾಚೆ ಕುನಿಸಾಕಿ ಪರ್ಯಾಯ ದ್ವೀಪ. ಅಲ್ಲಿ ಮಳೆ ಕಡಿಮೆ, ಮಣ್ಣಿಗೆ ನೀರು ಹಿಡಿಯುವ ಶಕ್ತಿಯೂ ಕಡಿಮೆ. ಆದ್ದರಿಂದ ಹಿಂದಿನವರು ಸುಮಾರು 1,200 ಕೆರೆಗಳನ್ನು ಕಟ್ಟಿ, ಹಲವನ್ನು ಒಂದಕ್ಕೊಂದು ಜೋಡಿಸಿದ್ದಾರೆ. ಕೆರೆಗಳ ಮೇಲ್ಭಾಗದಲ್ಲಿ ಕುನುಗಿ ಎಂಬ ಓಕ್ ಜಾತಿಯ ಕಾಡು. ಮರ ಕಡಿದು ದಿಮ್ಮಿಯಲ್ಲಿ ಶಿಟಾಕೆ ಅಣಬೆ ಬೆಳೆಯುತ್ತಾರೆ. ಬುಡ ಚಿಗುರಿ ಸುಮಾರು 15 ವರ್ಷದಲ್ಲಿ ಮತ್ತೆ ಮರವಾಗುತ್ತದೆ. ಆ ಕಾಡು ಮಳೆಯನ್ನು ಹಿಡಿದಿಟ್ಟು ಕೆರೆಗೆ ಕೊಡುತ್ತದೆ. 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ಪದ್ಧತಿಯನ್ನು ಜಾಗತಿಕ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು.

ಬಾವಿಗೂ ಒಂದು ಪುಸ್ತಕ

ಬೆಟ್ಟದ ಮಳೆ, ಕಾಡಿನ ಬೇರು, ಕೆರೆ, ಕೇರಿಯ ತೊಟ್ಟಿ, ಸಮುದ್ರದ ಮೀನು ಇವೆಲ್ಲ ಒಂದೇ ನೀರಿನ ದಾರಿಯಲ್ಲಿವೆ ಎಂಬ ತಿಳುವಳಿಕೆ ಆ ಜನರಲ್ಲಿದೆ. ಇಂದು ಬಿದ್ದ ಮಳೆ ತಮಗೆ ಸಿಗದೆ ಮೊಮ್ಮಕ್ಕಳಿಗೆ ಸಿಗುತ್ತದೆಂದು ಬಲ್ಲವರು, ಇಂದು ಎಳೆಯುವ ನೀರಿಗೂ ಲೆಕ್ಕ ಇಡುತ್ತಾರೆ. ಲೆಕ್ಕ ಇಟ್ಟದ್ದರಿಂದಲೇ ಎಲ್ಲಿ ಕೊರೆಯಬಾರದು ಎಂದು ಹೇಳುವ ಧೈರ್ಯ ಅವರಿಗೆ ಬಂದಿದೆ.

ನಮ್ಮಲ್ಲಿ ಕಾಫಿ ಬೆಳೆಗಾರರ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುವುದು ಹಳೆಯ ಪದ್ಧತಿ. ಅಜ್ಜ ಬರೆದ ಇಂಚು ಸೆಂಟುಗಳನ್ನು ಮೊಮ್ಮಗ ಓದುತ್ತಾನೆ. ಆದರೆ ಮಳೆಯ ಲೆಕ್ಕ ಬರೆಯುವ ಅದೇ ಮನೆಯಲ್ಲಿ ಬಾವಿಯ ಲೆಕ್ಕ ಬರೆಯುವವರು ವಿರಳ. ಒಂದು ತೋಟದಲ್ಲಿ ಕೊಳವೆಬಾವಿ ಆಳಕ್ಕೆ ಇಳಿದಾಗ ಪಕ್ಕದ ತೋಟದ ತೆರೆದ ಬಾವಿ ಎಷ್ಟು ಇಳಿಯಿತೆಂಬುದು ಜಗಳದಲ್ಲಿ ತಿಳಿಯುತ್ತದೆಯೇ ಹೊರತು ಪುಸ್ತಕದಲ್ಲಿ ತಿಳಿಯುವುದಿಲ್ಲ.

ಆದ್ದರಿಂದ ನಮ್ಮದೊಂದು ಸೂಚನೆ. ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ, ಪಂಪು ಹಾಕುವ ಮುನ್ನ, ಸದಸ್ಯರೆಲ್ಲರೂ ತಮ್ಮ ತೆರೆದ ಬಾವಿಯ ನೀರಿನ ಮಟ್ಟವನ್ನು ಹಗ್ಗ ಇಳಿಬಿಟ್ಟು ಅಳೆದು, ಮಳೆ ಪುಸ್ತಕದ ಪಕ್ಕದ ಪುಟದಲ್ಲಿ ಬರೆದಿಡಲಿ. ಒಂದು ಪ್ರತಿಯನ್ನು ಸಂಘದ ಕಛೇರಿಗೆ ತಲುಪಿಸಲಿ. ಇದಕ್ಕೆ ಖರ್ಚು ಒಂದು ಹಗ್ಗ ಮತ್ತು ಒಂದು ಪೆನ್ಸಿಲು ಮಾತ್ರ. ಮೂರು ವರ್ಷದ ಅಂಕಿ ಕೈಯಲ್ಲಿದ್ದರೆ ಮಹಾಸಭೆಯಲ್ಲಿ ನೀರಿನ ಮಾತು ಬಂದಾಗ ಗಂಟಲಿಗಿಂತ ಪುಸ್ತಕ ಹೆಚ್ಚು ಮಾತಾಡುತ್ತದೆ.