ಬೀಗದ ಗುರುತು ಇದ್ದರೆ ಸಾಕೇ?

ಪ್ರಶ್ನೆ: ಬ್ರೌಸರಿನಲ್ಲಿ ವಿಳಾಸದ ಪಕ್ಕ ಬೀಗದ ಚಿತ್ರ ಕಂಡರೆ ಆ ಜಾಲತಾಣವನ್ನು ನಂಬಬಹುದೇ?

ಉತ್ತರ: ಅಷ್ಟಕ್ಕೇ ನಂಬಬೇಡಿ. ನಿಮಗೂ ಆ ತಾಣಕ್ಕೂ ನಡುವೆ ಓಡಾಡುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲಾರರು ಎಂದಷ್ಟೇ ಬೀಗದ ಅರ್ಥ. ಆಚೆ ತುದಿಯಲ್ಲಿ ಕೂತವರು ಸಾಚಾ ಎಂದು ಅದು ಹೇಳುವುದಿಲ್ಲ. ಬೀಗ ಕಾಣಿಸಲು ಬೇಕಾದ ಪ್ರಮಾಣಪತ್ರ ಈಗ ಪುಕ್ಕಟೆ ಸಿಗುತ್ತದೆ, ವಂಚಕರಿಗೂ. ಜನ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ 2023ರಲ್ಲಿ ಆ ಚಿತ್ರವನ್ನು ಕೈಬಿಟ್ಟಿತು.

ನೋಡಬೇಕಾದದ್ದು ವಿಳಾಸದ ಹೆಸರು ಹೇಗೆ ಮುಗಿಯುತ್ತದೆ ಎಂಬುದನ್ನು. ಆರಂಭದಲ್ಲಿ ನಿಮ್ಮ ಬ್ಯಾಂಕಿನ ಹೆಸರನ್ನು ಯಾರು ಬೇಕಾದರೂ ಸೇರಿಸಬಹುದು. ಭಾರತದ ಬ್ಯಾಂಕುಗಳಿಗೆಂದೇ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಗಳನ್ನು ರಿಸರ್ವ್ ಬ್ಯಾಂಕ್ 2025ರಲ್ಲಿ ಜಾರಿಗೆ ತಂದದ್ದು ನಿಜಕ್ಕೂ ಒಳ್ಳೆಯ ಕೆಲಸ. ಇಷ್ಟಾದರೂ ಮೋಸಹೋಗಿ ಹಣ ಹೋಯಿತೆಂದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.