ಊಟ ಬಿಡುವುದು ಬರೀ ಹಟವೇ? ಗದರಿಸಿ ತಿನ್ನಿಸಿದರೆ ಸರಿಹೋಗುತ್ತದೆಯೇ?

“ಮನೇಲಿ ಬೇಕಾದಷ್ಟಿದೆ, ಆದರೂ ತಿನ್ನಲ್ಲ ಅಂದ್ರೆ ಅದು ಕೊಬ್ಬು. ಎರಡು ದಿನ ಗದರಿಸಿ ತಿನ್ನಿಸಿ, ಎಲ್ಲಾ ಸರಿಹೋಗುತ್ತೆ.” ಇಂಥ ಮಾತನ್ನು ಮನೆಗಳಲ್ಲೂ ಕೇಳುತ್ತೇವೆ, ವಾಟ್ಸಾಪ್ ಗುಂಪುಗಳಲ್ಲೂ ಓದುತ್ತೇವೆ. ಅದರ ಜೊತೆಗೇ “ನೋಡೋಕೆ ಚೆನ್ನಾಗೇ ಇದ್ದಾಳಲ್ಲ, ಅವಳಿಗೆಂಥ ಅಪೌಷ್ಟಿಕತೆ?” ಎಂಬ ಸಮಾಧಾನವೂ ಇರುತ್ತದೆ. ಇವುಗಳಲ್ಲಿ ನಿಜವೆಷ್ಟು? ಬನ್ನಿ, ತಿಳಿಯೋಣ.

ಮೊದಲಿಗೆ, ಈಟಿಂಗ್ ಡಿಸಾರ್ಡರ್ ಎಂದರೇನು?

ಊಟ, ತೂಕ ಮತ್ತು ಮೈಕಟ್ಟಿನ ಚಿಂತೆ ಮನಸ್ಸನ್ನು ಪೂರ್ತಿ ಆವರಿಸಿ, ತಿನ್ನುವ ರೀತಿಯೇ ಕೆಟ್ಟುಹೋಗುವ ಕಾಯಿಲೆಗಳಿಗೆ ಈ ಹೆಸರು. ತೂಕ ಹೆಚ್ಚುವ ಭಯದಿಂದ ಊಟವನ್ನೇ ಕಡಿಮೆ ಮಾಡುತ್ತಾ ಹೋಗುವುದು ಅನೊರೆಕ್ಸಿಯಾ. ಒಮ್ಮೆಲೇ ವಿಪರೀತ ತಿಂದು, ಆಮೇಲೆ ವಾಂತಿ ಮಾಡಿಯೋ ಉಪವಾಸ ಮಾಡಿಯೋ ಅದನ್ನು ಸರಿದೂಗಿಸಲು ಹೋಗುವುದು ಬುಲಿಮಿಯಾ. ಹಾಗೆ ಸರಿದೂಗಿಸದೆ, ಹಿಡಿತ ತಪ್ಪಿ ಪದೇಪದೇ ತಿನ್ನುವುದು ಬಿಂಜ್ ಈಟಿಂಗ್. ಇವು ಹುಡುಗಿಯರಿಗಷ್ಟೇ ಬರುವ ಕಾಯಿಲೆಗಳಲ್ಲ, ಗಂಡಸರಿಗೂ ಬರುತ್ತವೆ.

ಹಸಿವು ಮನಸ್ಸನ್ನೇ ಬದಲಿಸಿದ ಪ್ರಯೋಗ

ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ನಡೆಸಿದರು. ಗಟ್ಟಿಮುಟ್ಟಾದ 36 ಯುವಕರು ತಾವಾಗಿಯೇ ಮುಂದೆ ಬಂದಿದ್ದರು. ಆರು ತಿಂಗಳ ಕಾಲ ಅವರಿಗೆ ಬೇಕಾದ ಆಹಾರದ ಸುಮಾರು ಅರ್ಧದಷ್ಟನ್ನೇ ಕೊಡಲಾಯಿತು.

ಅವರ ತೂಕ ಸರಿಸುಮಾರು ಕಾಲು ಭಾಗ ಇಳಿಯಿತು. ನಾಡಿ ಬಡಿತ ನಿಧಾನವಾಯಿತು, ಕಾಲುಗಳು ಊದಿಕೊಂಡವು, ಬೇಸಿಗೆಯಲ್ಲೂ ಚಳಿ ಎನ್ನತೊಡಗಿದರು. ಅಚ್ಚರಿಯೆಂದರೆ ಮನಸ್ಸೂ ಬದಲಾಯಿತು. ಇಡೀ ದಿನ ಊಟದ್ದೇ ಯೋಚನೆ, ಅಡುಗೆ ಪುಸ್ತಕಗಳ ಓದು, ತಟ್ಟೆಯ ಮುಂದೆ ಗಂಟೆಗಟ್ಟಲೆ ಕೂರುವುದು, ಸಿಡುಕು, ಖಿನ್ನತೆ. ಮತ್ತೆ ಬೇಕಾದಷ್ಟು ಊಟ ಸಿಕ್ಕಾಗ ಕೆಲವರಿಗೆ ಎಲ್ಲಿ ನಿಲ್ಲಿಸಬೇಕೆಂದೇ ತಿಳಿಯಲಿಲ್ಲ.

ಇವರಲ್ಲಿ ಯಾರಿಗೂ ಮೊದಲು ಈಟಿಂಗ್ ಡಿಸಾರ್ಡರ್ ಇರಲಿಲ್ಲ. ಅಂದರೆ ನಾವು ‘ಹಟ’ ಎಂದು ಕರೆಯುವ ಎಷ್ಟೋ ವರ್ತನೆಗಳು ಹಸಿದ ಮಿದುಳಿನ ಲಕ್ಷಣಗಳೂ ಆಗಿರಬಹುದು. ಕಾಯಿಲೆ ಊಟ ಬಿಡಿಸುತ್ತದೆ, ಅಪೌಷ್ಟಿಕತೆ ಆ ಕಾಯಿಲೆಯನ್ನು ಇನ್ನಷ್ಟು ಬಿಗಿಗೊಳಿಸುತ್ತದೆ.

ದೇಹದೊಳಗೆ ಏನಾಗುತ್ತದೆ?

ಊಟ ಸಾಲದಾದಾಗ ದೇಹ ಮೊದಲು ಖರ್ಚು ಕಡಿಮೆ ಮಾಡುತ್ತದೆ. ಹೃದಯ ಬಡಿತ, ರಕ್ತದೊತ್ತಡ, ಮೈ ಬಿಸಿ ಎಲ್ಲವೂ ಇಳಿಯುತ್ತವೆ. ಮುಟ್ಟು ನಿಂತುಹೋಗಬಹುದು, ಕೂದಲು ಉದುರುತ್ತದೆ. ಸ್ನಾಯುಗಳು ಕರಗುತ್ತವೆ, ಹೃದಯವೂ ಒಂದು ಸ್ನಾಯುವೇ, ಅದೂ ಸೊರಗುತ್ತದೆ. ಮೂಳೆ ಗಟ್ಟಿಯಾಗಬೇಕಾದ ಹದಿಹರೆಯದಲ್ಲಿ ಹೀಗಾದರೆ ಆ ನಷ್ಟ ಪೂರ್ತಿ ತುಂಬದೆಯೂ ಹೋಗಬಹುದು.

ಪದೇಪದೇ ವಾಂತಿ ಮಾಡುವವರಲ್ಲಿ ಹೊಟ್ಟೆಯ ಆಮ್ಲ ಹಲ್ಲಿನ ಹೊರಪದರವನ್ನು ಸವೆಸುತ್ತದೆ. ಅದಕ್ಕಿಂತ ಅಪಾಯವೆಂದರೆ ರಕ್ತದಲ್ಲಿ ಪೊಟ್ಯಾಸಿಯಮ್ ಕುಸಿದು ಹೃದಯದ ಲಯ ತಪ್ಪುವುದು. ಇವರಲ್ಲಿ ಹಲವರ ತೂಕ ಸಾಮಾನ್ಯವಾಗಿಯೇ ಇರುತ್ತದೆ.

ಹಾಗಾಗಿ ಕಣ್ಣಳತೆಯಿಂದ ಅಪೌಷ್ಟಿಕತೆ ಹೇಳಲಾಗದು. ದಪ್ಪಗಿದ್ದವರು ಕೆಲವೇ ತಿಂಗಳಲ್ಲಿ ಬಹಳಷ್ಟು ತೂಕ ಕಳೆದುಕೊಂಡರೆ, ಇನ್ನೂ ‘ಸರಿಯಾದ’ ತೂಕದಲ್ಲಿ ಕಂಡರೂ ಅವರ ಹೃದಯ ಬಡಿತ ಅಪಾಯದ ಮಟ್ಟಕ್ಕೆ ಇಳಿದಿರಬಹುದು. ಅಂಥ ಹೊತ್ತಿನಲ್ಲಿ ನಾವು “ಎಷ್ಟು ಚೆನ್ನಾಗಿ ಸಣ್ಣಗಾಗಿದ್ದೀಯಾ!” ಎಂದು ಹೊಗಳುತ್ತಿರುತ್ತೇವೆ. ಬಿಂಜ್ ಈಟಿಂಗ್ ಇರುವವರು ಹೊಟ್ಟೆ ತುಂಬ ತಿಂದರೂ ಅವರಲ್ಲಿ ಕಬ್ಬಿಣ, ವಿಟಮಿನ್‌ಗಳ ಕೊರತೆ ಇರಬಹುದು.

ಹಾಗಾದರೆ ಒಮ್ಮೆಲೇ ಚೆನ್ನಾಗಿ ತಿನ್ನಿಸಿದರೆ?

ಇಲ್ಲಿಯೇ ದೊಡ್ಡ ಎಚ್ಚರಿಕೆ ಬೇಕು. ಬಹಳ ದಿನ ಹಸಿದ ದೇಹಕ್ಕೆ ಏಕಾಏಕಿ ಹೆಚ್ಚು ಆಹಾರ ಸಿಕ್ಕರೆ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿ ಅಳಿದುಳಿದ ಫಾಸ್ಫೇಟ್, ಪೊಟ್ಯಾಸಿಯಮ್, ಮೆಗ್ನೀಸಿಯಮ್ ಜೀವಕೋಶಗಳೊಳಗೆ ನುಗ್ಗುತ್ತವೆ. ರಕ್ತದಲ್ಲಿ ಅವುಗಳ ಮಟ್ಟ ಕುಸಿದು ಹೃದಯ ವೈಫಲ್ಯ, ಫಿಟ್ಸ್, ಸಾವು ಕೂಡ ಸಂಭವಿಸಬಹುದು. ಇದನ್ನು ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. ಐದು ದಿನಕ್ಕಿಂತ ಹೆಚ್ಚು ಕಾಲ ಬಹುತೇಕ ಏನೂ ತಿನ್ನದವರಿಗೆ ಈ ಅಪಾಯವಿದೆ ಎಂದು ವೈದ್ಯರು ಪರಿಗಣಿಸುತ್ತಾರೆ.

ಹಾಗೆಂದು ಊಟ ಕೊಡಬಾರದು ಎಂದಲ್ಲ. ಊಟವೇ ಇದಕ್ಕೆ ಮೊದಲ ಮದ್ದು. ಆದರೆ ತೀರಾ ಬಳಲಿದವರಿಗೆ ಅದನ್ನು ರಕ್ತಪರೀಕ್ಷೆಗಳ ಜೊತೆ, ವೈದ್ಯರ ನಿಗಾದಲ್ಲಿ, ಹಂತಹಂತವಾಗಿ ಹೆಚ್ಚಿಸಬೇಕು.

ಮನೆಯವರು ಏನು ಮಾಡಬಹುದು?

ಎಲ್ಲರ ಜೊತೆ ಊಟಕ್ಕೆ ಕೂರದೆ ತಪ್ಪಿಸಿಕೊಳ್ಳುವುದು, ಊಟವಾದ ಕೂಡಲೇ ಬಾತ್‌ರೂಮಿಗೆ ಹೋಗುವುದು, ಬೇಗ ತೂಕ ಇಳಿಯುವುದು, ಮುಟ್ಟು ನಿಲ್ಲುವುದು ಕಂಡರೆ ಬೈಯದೆ, ಮೈಕಟ್ಟಿನ ಬಗ್ಗೆ ಟೀಕೆ ಮಾಡದೆ ಮಾತನಾಡಿಸಿ. ವೈದ್ಯರಿಗೂ ಮನೋವೈದ್ಯರಿಗೂ ತೋರಿಸಿ. ತಲೆಸುತ್ತಿ ಬೀಳುವುದು, ಎದೆ ಬಡಿತದಲ್ಲಿ ಏರುಪೇರು, ವಿಪರೀತ ಸುಸ್ತು ಇದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಒಟ್ಟಿನಲ್ಲಿ, ಇದು ಹಟವಲ್ಲ, ಮಾನಸಿಕ ಕಾಯಿಲೆಗಳಲ್ಲೇ ಹೆಚ್ಚು ಜೀವ ತೆಗೆಯುವವುಗಳಲ್ಲಿ ಅನೊರೆಕ್ಸಿಯಾ ಒಂದು. ಚಿಕಿತ್ಸೆಯಿಂದ ಗುಣವಾಗುವವರು ಬಹಳ ಮಂದಿ, ಬೇಗ ಶುರುವಾದಷ್ಟೂ ಒಳ್ಳೆಯದು. “ಗದರಿಸಿ ತಿನ್ನಿಸಿ” ಎಂಬ ಸಂದೇಶ ಮತ್ತೆ ಬಂದರೆ ಅದನ್ನು ಮುಂದೆ ಕಳಿಸಬೇಡಿ, ಬದಲಿಗೆ ಆ ಸಹಾಯವಾಣಿ ಸಂಖ್ಯೆಯನ್ನು ಕಳಿಸಿ.