ಕಾಲೇಜು ಹುಡುಗಿಯರ ಸ್ವಾವಲಂಬನೆ: ಉಚಿತ ಬಸ್ ಟಿಕೆಟ್ ಎಲ್ಲಿಯವರೆಗೆ ಕರೆದೊಯ್ಯುತ್ತದೆ? ಗಾಜುವಾಕದಿಂದ ಕರ್ನಾಟಕದವರೆಗೆ ಒಂದು ನೋಟ

ಪಿಯುಸಿ ಫಲಿತಾಂಶ ಬಂದ ಮನೆಯಲ್ಲಿ ಮೊದಲ ಪ್ರಶ್ನೆ 'ಯಾವ ಕೋರ್ಸ್?' ಎನ್ನುವುದು. ಆದರೆ ಪಾಸಾದವಳು ಮಗಳಾಗಿದ್ದರೆ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: 'ದಿನಾ ಹೋಗಿ ಬರೋದು ಹೇಗೆ?' ಎಷ್ಟೋ ಮನೆಗಳಲ್ಲಿ ಕಾಲೇಜು ತೀರ್ಮಾನವಾಗುವುದು ಈ ಎರಡನೇ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ. ಅಂಕ ಎಷ್ಟೇ ಇರಲಿ, ಬಸ್ ಇಲ್ಲದ ಊರಿನ ಕಾಲೇಜು ಪಟ್ಟಿಯಿಂದ ಹೊರಗೆ ಬೀಳುತ್ತದೆ.

ಕರ್ನಾಟಕದ 'ಶಕ್ತಿ' ಯೋಜನೆಯ ನಂತರ ನೆರೆಯ ಆಂಧ್ರಪ್ರದೇಶದಲ್ಲೂ 2025ರ ಆಗಸ್ಟ್ 15ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ 'ಸ್ತ್ರೀ ಶಕ್ತಿ' ಯೋಜನೆ ಜಾರಿಗೆ ಬಂದಿದೆ. ಮುಖ್ಯಮಂತ್ರಿ ಎನ್. ಚಂದ್ರಬಾಬು ನಾಯ್ಡು ವಿಜಯವಾಡದಲ್ಲಿ ಇದಕ್ಕೆ ಚಾಲನೆ ನೀಡಿದರು. ಈ ಯೋಜನೆಗಳ ಖರ್ಚು, ರಾಜಕೀಯದ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಆದರೆ ಕಾಲೇಜಿಗೆ ಹೋಗುವ ಹುಡುಗಿಯ ಆತ್ಮವಿಶ್ವಾಸಕ್ಕೂ ಬಸ್ ಟಿಕೆಟ್‌ಗೂ ಏನು ಸಂಬಂಧ? ಟಿಕೆಟ್ ಆಚೆಗೆ ಇನ್ನೇನು ಬೇಕು? ಇಲ್ಲಿದೆ ವಿವರ.

ಗಾಜುವಾಕದ ಲೆಕ್ಕಾಚಾರ

ವಿಶಾಖಪಟ್ಟಣಂ ನಗರದ ದಕ್ಷಿಣ ಭಾಗದಲ್ಲಿರುವ ಗಾಜುವಾಕ ಕೈಗಾರಿಕೆಗಳ ಊರು. ಪಕ್ಕದಲ್ಲೇ ಉಕ್ಕು ಕಾರ್ಖಾನೆಯ ಟೌನ್‌ಶಿಪ್ ಉಕ್ಕುನಗರಂ, ಇನ್ನೊಂದು ಕಡೆ ಆಟೋನಗರ. ಊರಿನ ನಡುವೆಯೇ ರಾಷ್ಟ್ರೀಯ ಹೆದ್ದಾರಿ 16 ಹಾದುಹೋಗುತ್ತದೆ. ಲಾರಿ, ಟ್ರೇಲರ್, ಶೇರ್ ಆಟೋ, ಸಿಟಿ ಬಸ್ ಎಲ್ಲವೂ ಅದೇ ರಸ್ತೆಯಲ್ಲಿ.

ಇಲ್ಲಿನ ವಿದ್ಯಾರ್ಥಿನಿಯೊಬ್ಬಳು ಆಂಧ್ರ ವಿಶ್ವವಿದ್ಯಾಲಯದ ಕ್ಯಾಂಪಸ್‌ಗೆ ಹೋಗಬೇಕೆಂದರೆ ಎನ್‌ಎಡಿ ಜಂಕ್ಷನ್ ದಾಟಿ ಒಂದು ಬದಿಗೆ 15ರಿಂದ 20 ಕಿ.ಮೀ. ಕ್ರಮಿಸಬೇಕು. 1926ರಲ್ಲಿ ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ ಆರಂಭವಾಗಿ ನಂತರ ವಿಶಾಖಪಟ್ಟಣದ ವಾಲ್ತೇರಿಗೆ ಬಂದ ವಿಶ್ವವಿದ್ಯಾಲಯವಿದು. ಇದರ ಮೊದಲ ಕುಲಪತಿ ಸಿ.ಆರ್. ರೆಡ್ಡಿ ಅವರು ಅದಕ್ಕೂ ಮುನ್ನ ಮೈಸೂರಿನ ಮಹಾರಾಜ ಕಾಲೇಜಿನಲ್ಲಿದ್ದವರು ಎಂಬುದು ಕನ್ನಡಿಗರಿಗೆ ಗೊತ್ತಿರಬೇಕಾದ ಸಂಗತಿ.

ಉದಾಹರಣೆಗೆ, ಹೋಗಿ ಬರಲು ದಿನಕ್ಕೆ 60 ರೂಪಾಯಿ ಬೇಕು ಎಂದುಕೊಳ್ಳಿ. ತಿಂಗಳಿಗೆ 25 ದಿನ ಕಾಲೇಜು ಎಂದರೆ 1,500 ರೂಪಾಯಿ. ದಿನಗೂಲಿಯ ಮೇಲೆ ನಡೆಯುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಆದರೆ ಹಣಕ್ಕಿಂತಲೂ ದೊಡ್ಡ ವಿಷಯ ಇನ್ನೊಂದಿದೆ. ಪ್ರತಿ ಬೆಳಗ್ಗೆ ಆ 60 ರೂಪಾಯಿಯನ್ನು ಅಪ್ಪನ ಬಳಿಯೋ ಅಣ್ಣನ ಬಳಿಯೋ ಕೇಳಬೇಕು. ಕೇಳಿದಾಗ 'ಇವತ್ತು ಕ್ಲಾಸ್ ಇದೆಯಾ?' ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಲೈಬ್ರರಿ, ಸೆಮಿನಾರ್, ಇಂಟರ್ನ್‌ಶಿಪ್ ಸಂದರ್ಶನ ಎಂದರೆ ಮತ್ತೊಂದು ಸುತ್ತಿನ ಸಮಜಾಯಿಷಿ. ಉಚಿತ ಟಿಕೆಟ್ ತಪ್ಪಿಸುವುದು ಈ ದಿನನಿತ್ಯದ ಕೇಳುವಿಕೆಯನ್ನು. ಅವಳ ಪಾಲಿಗೆ ಸ್ವಾವಲಂಬನೆ ಶುರುವಾಗುವುದು ಅಲ್ಲಿಂದಲೇ.

ಯಾವ ಬಸ್, ಯಾರಿಗೆ ಉಚಿತ?

ಆಂಧ್ರದ ಸ್ತ್ರೀ ಶಕ್ತಿ: ಎಪಿಎಸ್‌ಆರ್‌ಟಿಸಿಯ ಪಲ್ಲೆ ವೆಲುಗು, ಅಲ್ಟ್ರಾ ಪಲ್ಲೆ ವೆಲುಗು, ಸಿಟಿ ಆರ್ಡಿನರಿ, ಮೆಟ್ರೋ ಎಕ್ಸ್‌ಪ್ರೆಸ್ ಮತ್ತು ಎಕ್ಸ್‌ಪ್ರೆಸ್, ಹೀಗೆ 5 ಬಗೆಯ ಬಸ್‌ಗಳಲ್ಲಿ ರಾಜ್ಯದ ನಿವಾಸಿಗಳಾದ ಮಹಿಳೆಯರು, ಹುಡುಗಿಯರು ಮತ್ತು ಲಿಂಗತ್ವ ಅಲ್ಪಸಂಖ್ಯಾತರಿಗೆ ಉಚಿತ. ಆಧಾರ್, ಮತದಾರರ ಚೀಟಿಯಂತಹ ಗುರುತಿನ ದಾಖಲೆ ತೋರಿಸಿ ಶೂನ್ಯ ದರದ ಟಿಕೆಟ್ ಪಡೆಯಬೇಕು. ಎಸಿ ಮತ್ತು ಐಷಾರಾಮಿ ಬಸ್‌ಗಳು, ಹೊರ ರಾಜ್ಯಗಳಿಗೆ ಹೋಗುವ ಬಸ್‌ಗಳು ಇದರಲ್ಲಿ ಸೇರಿಲ್ಲ.

ಕರ್ನಾಟಕದ ಶಕ್ತಿ: 2023ರ ಜೂನ್ 11ರಂದು ಆರಂಭವಾದ ಯೋಜನೆ ಕೆಎಸ್‌ಆರ್‌ಟಿಸಿ, ಬಿಎಂಟಿಸಿ, ವಾಯವ್ಯ ಮತ್ತು ಕಲ್ಯಾಣ ಕರ್ನಾಟಕ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್‌ಗಳಿಗೆ ಅನ್ವಯಿಸುತ್ತದೆ. 2025ರ ಜುಲೈ 14ರಂದು ಯೋಜನೆಯ 500 ಕೋಟಿಯ ಟಿಕೆಟ್ ವಿತರಣೆಯಾಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೇ ಅದನ್ನು ಮಹಿಳಾ ಪ್ರಯಾಣಿಕರಿಗೆ ನೀಡಿದ್ದರು.

ಇಲ್ಲಿ ಕನ್ನಡಿಗ ಪೋಷಕರು ಗಮನಿಸಬೇಕಾದ ಅಂಶವಿದೆ. ಎರಡೂ ಯೋಜನೆಗಳು ಆಯಾ ರಾಜ್ಯದ ನಿವಾಸಿಗಳಿಗೆ ಮಾತ್ರ. ಕರ್ನಾಟಕದ ವಿಳಾಸದ ಆಧಾರ್ ಹಿಡಿದು ವಿಶಾಖಪಟ್ಟಣದಲ್ಲೋ ವಿಜಯವಾಡದಲ್ಲೋ ಓದುತ್ತಿರುವ ವಿದ್ಯಾರ್ಥಿನಿ ಅಲ್ಲಿ ಟಿಕೆಟ್ ಹಣ ಕೊಡಬೇಕು ಇಲ್ಲವೇ ವಿದ್ಯಾರ್ಥಿ ಪಾಸ್ ಮಾಡಿಸಿಕೊಳ್ಳಬೇಕು. ಗಂಡುಮಕ್ಕಳಿಗೂ ಪಾಸೇ ದಾರಿ. ಕರ್ನಾಟಕದಲ್ಲಿ ವಿದ್ಯಾರ್ಥಿ ರಿಯಾಯಿತಿ ಪಾಸ್‌ಗೆ ಸೇವಾ ಸಿಂಧು ಪೋರ್ಟಲ್ ಮೂಲಕ ಅರ್ಜಿ ಹಾಕಬಹುದು.

ಪ್ರಯಾಣಕ್ಕೂ ಧೈರ್ಯಕ್ಕೂ ನಂಟಿದೆಯೇ?

ಇದೆ ಎನ್ನುತ್ತವೆ ಅಧ್ಯಯನಗಳು. ಬಿಹಾರದಲ್ಲಿ 2006ರಲ್ಲಿ 9ನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಇದರ ಪರಿಣಾಮವನ್ನು ಅಳೆದು 2017ರಲ್ಲಿ ಪ್ರಕಟಿಸಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತ್ತು, ಹುಡುಗ ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ತಗ್ಗಿತ್ತು. ಕರ್ನಾಟಕದಲ್ಲೂ 8ನೇ ತರಗತಿ ಮಕ್ಕಳಿಗೆ ಸೈಕಲ್ ನೀಡುವ ಯೋಜನೆ ಬಂದದ್ದು ಅದೇ ಸುಮಾರಿಗೆ, 2006-07ರಲ್ಲಿ.

ಕಾಲೇಜು ಹಂತದಲ್ಲಿ ಕಥೆ ಇನ್ನಷ್ಟು ಸೂಕ್ಷ್ಮ. ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಬಗ್ಗೆ ಅರ್ಥಶಾಸ್ತ್ರಜ್ಞೆ ಗಿರಿಜಾ ಬೋರ್ಕರ್ ನಡೆಸಿದ ಅಧ್ಯಯನದ ಪ್ರಕಾರ, ದಾರಿ ಸುರಕ್ಷಿತ ಎನಿಸಿದರೆ ಹುಡುಗಿಯರು ಗುಣಮಟ್ಟದಲ್ಲಿ ಕೆಳಗಿರುವ ಕಾಲೇಜನ್ನೂ ಆರಿಸಿಕೊಳ್ಳುತ್ತಾರೆ. ಸುರಕ್ಷಿತ ದಾರಿಗಾಗಿ ಹುಡುಗರಿಗಿಂತ ಹೆಚ್ಚು ಹಣ, ಹೆಚ್ಚು ಸಮಯ ಖರ್ಚು ಮಾಡಲೂ ಸಿದ್ಧರಿರುತ್ತಾರೆ. ಅಂದರೆ ರಸ್ತೆಯ ಭಯ ಪದವಿಯ ಗುಣಮಟ್ಟವನ್ನೇ ಬದಲಿಸುತ್ತದೆ. ಮುಂದೆ ಸಿಗುವ ಕೆಲಸ, ಸಂಬಳವೂ ಅದರ ಹಿಂದೆಯೇ ಬದಲಾಗುತ್ತವೆ.

ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2021-22ರಲ್ಲಿ ದೇಶದ ಉನ್ನತ ಶಿಕ್ಷಣದಲ್ಲಿದ್ದ 4.33 ಕೋಟಿ ವಿದ್ಯಾರ್ಥಿಗಳಲ್ಲಿ 2.07 ಕೋಟಿ ಹೆಣ್ಣುಮಕ್ಕಳು. ಸಂಖ್ಯೆಯಲ್ಲಿ ಹುಡುಗಿಯರು ಬಹುತೇಕ ಸಮಕ್ಕೆ ಬಂದಿದ್ದಾರೆ. ಆದರೆ ತಮಗೆ ಬೇಕಾದ ಕಾಲೇಜನ್ನೇ ಅವರು ಸೇರಿದರೇ ಎಂಬುದನ್ನು ಈ ಸಂಖ್ಯೆ ಹೇಳುವುದಿಲ್ಲ.

ಹಾಸ್ಟೆಲ್ ಗಂಟೆಯಿಂದ ಕಾಲೇಜಿನವರೆಗೆ

ಆಂಧ್ರದಲ್ಲಿ ಇನ್ನೊಂದು ತೊಡಕಿದೆ. ವಿಜಯವಾಡ ಸುತ್ತಮುತ್ತಲ ವಸತಿ ಜೂನಿಯರ್ ಕಾಲೇಜುಗಳಲ್ಲಿ ಎಂಜಿನಿಯರಿಂಗ್, ಮೆಡಿಕಲ್ ಪ್ರವೇಶ ಪರೀಕ್ಷೆಗೆ ತಯಾರಾಗುವ ಮಕ್ಕಳ ಸಂಖ್ಯೆ ದೊಡ್ಡದು. ಕರ್ನಾಟಕದಲ್ಲಿ ದಕ್ಷಿಣ ಕನ್ನಡದ ವಸತಿ ಪಿಯು ಕಾಲೇಜುಗಳನ್ನು ನೋಡಿದವರಿಗೆ ಈ ಪದ್ಧತಿ ಹೊಸದಲ್ಲ. ಏಳುವುದು, ಉಣ್ಣುವುದು, ಓದುವುದು ಎಲ್ಲಕ್ಕೂ ಗಂಟೆ ಬಾರಿಸುತ್ತದೆ. 2 ವರ್ಷ ಒಂದೇ ಒಂದು ನಿರ್ಧಾರವನ್ನೂ ತಾನೇ ತೆಗೆದುಕೊಳ್ಳದ ವಿದ್ಯಾರ್ಥಿ, 18ನೇ ವಯಸ್ಸಿಗೆ ಏಕಾಏಕಿ ದೊಡ್ಡ ಕ್ಯಾಂಪಸ್‌ಗೆ ಬಂದು ನಿಲ್ಲುತ್ತಾಳೆ. ಬ್ಯಾಂಕ್ ಚಲನ್ ತುಂಬುವುದು, ಕಚೇರಿಯ ಕಿಟಕಿಯಲ್ಲಿ ನಿಂತು ಪ್ರಶ್ನೆ ಕೇಳುವುದು, ಗೊತ್ತಿಲ್ಲದ ಬಸ್ ಹತ್ತುವುದು ಎಲ್ಲವೂ ಹೊಸದು.

ಹೀಗಾಗಿ ಮೊದಲ ಸೆಮಿಸ್ಟರ್‌ನಲ್ಲಿ ಕಾಣುವ ಹಿಂಜರಿಕೆಯನ್ನು 'ಹುಡುಗಿ ಪುಕ್ಕಲು' ಎಂದು ತೀರ್ಮಾನಿಸುವುದು ತಪ್ಪು. ಅವಳಿಗೆ ಅಭ್ಯಾಸವೇ ಆಗಿಲ್ಲ, ಅಷ್ಟೆ. ವ್ಯಕ್ತಿತ್ವ ವಿಕಸನದ ಒಂದು ದಿನದ ಕಾರ್ಯಾಗಾರದಿಂದ ಈ ಅಭ್ಯಾಸ ಬರುವುದಿಲ್ಲ. ದಿನಾ ಒಂದು ಸಣ್ಣ ಕೆಲಸವನ್ನು ತಾನೇ ಮಾಡಿ ಮುಗಿಸುವುದರಿಂದ ಬರುತ್ತದೆ.

ಹಾಸ್ಟೆಲ್ ನಿಯಮಗಳ ಪಾತ್ರವೂ ಇಲ್ಲಿ ಮುಖ್ಯ. ಹೆಣ್ಣುಮಕ್ಕಳ ಹಾಸ್ಟೆಲ್ ಬಾಗಿಲು ಸಂಜೆಯೇ ಮುಚ್ಚಿ, ಹುಡುಗರ ಹಾಸ್ಟೆಲ್ ರಾತ್ರಿಯವರೆಗೂ ತೆರೆದಿರುವುದು ಹಲವೆಡೆ ರೂಢಿ. ಲೈಂಗಿಕ ಕಿರುಕುಳ ತಡೆಗಾಗಿ 2015ರಲ್ಲಿ ಯುಜಿಸಿ ಹೊರಡಿಸಿದ ನಿಯಮಾವಳಿ, ಸುರಕ್ಷತೆಯ ನೆಪದಲ್ಲಿ ವಿದ್ಯಾರ್ಥಿನಿಯರಿಗೆ ಮಾತ್ರ ತಾರತಮ್ಯದ ಹಾಸ್ಟೆಲ್ ನಿಯಮ ಹೇರಬಾರದು ಎನ್ನುತ್ತದೆ. ಕೋಯಿಕ್ಕೋಡ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರು 2022ರಲ್ಲಿ ಇದೇ ವಿಷಯವಾಗಿ ಕೇರಳ ಹೈಕೋರ್ಟ್ ಮೆಟ್ಟಿಲೇರಿದ್ದರು. ಆ ವರ್ಷದ ಡಿಸೆಂಬರ್‌ನಲ್ಲಿ ಕೇರಳ ಸರ್ಕಾರ ವೈದ್ಯಕೀಯ ಕಾಲೇಜು ಹಾಸ್ಟೆಲ್‌ಗಳ ಸಮಯವನ್ನು ಹುಡುಗ ಹುಡುಗಿಯರಿಬ್ಬರಿಗೂ ಒಂದೇ ಮಾಡಿ ಆದೇಶಿಸಿತು.

ಟಿಕೆಟ್ ಉಚಿತ, ಬಸ್ ಎಲ್ಲಿ?

ಶಕ್ತಿ ಯೋಜನೆಯ ಅನುಭವ ಆಂಧ್ರಕ್ಕೂ ಪಾಠವಾಗಬೇಕು. ಕರ್ನಾಟಕದ ಹಲವು ತಾಲ್ಲೂಕುಗಳಲ್ಲಿ ಕಾಲೇಜು ಸಮಯಕ್ಕೆ ಬಸ್ ಬಿಡಿ ಎಂದು ವಿದ್ಯಾರ್ಥಿಗಳು ರಸ್ತೆ ತಡೆ ನಡೆಸುವುದು ಇಂದಿಗೂ ಸಾಮಾನ್ಯ ಸುದ್ದಿ. ತುಂಬಿದ ಬಸ್ ನಿಲ್ಲಿಸದೇ ಹೋಗುತ್ತದೆ. ನಿಂತರೂ ಫುಟ್‌ಬೋರ್ಡ್ ಮೇಲೆ ಜೋತಾಡಬೇಕು. ಮೊದಲ ಪೀರಿಯಡ್ ತಪ್ಪಿದರೆ ಹಾಜರಾತಿ ಕಡಿಮೆ, ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರುವುದೇ ಕಷ್ಟ. ಸಂಜೆಯ ಕೊನೆಯ ಬಸ್ ಬೇಗ ಹೊರಟುಬಿಟ್ಟರೆ ಲೈಬ್ರರಿ, ಲ್ಯಾಬ್, ಕ್ಯಾಂಪಸ್ ಸಂದರ್ಶನ ಮೂರೂ ಕೈತಪ್ಪುತ್ತವೆ.

ಮನೆಯಿಂದ ಬಸ್ ನಿಲ್ದಾಣದವರೆಗಿನ ಕೊನೆಯ ಒಂದೆರಡು ಕಿ.ಮೀ. ಮತ್ತೊಂದು ಸಮಸ್ಯೆ. ಬೀದಿದೀಪ ಇಲ್ಲದ ಆ ದಾರಿಗೆ ಯಾವ ಉಚಿತ ಟಿಕೆಟ್ಟೂ ಇಲ್ಲ. ಗಾಜುವಾಕದಂಥ ಊರಿನಲ್ಲಿ ಭಾರಿ ವಾಹನಗಳ ಹೆದ್ದಾರಿಯನ್ನು ದಾಟುವುದೇ ಒಂದು ಸಾಹಸ. ಹುಡುಗಿ ಕಾಲೇಜು ಬಿಡುವುದಕ್ಕೆ ಮನೆಯವರು ಕೊಡುವ ಕಾರಣ ಹೆಚ್ಚಾಗಿ ಇಂಥ ಒಂದೆರಡು ಕಿ.ಮೀ.ನಲ್ಲೇ ಅಡಗಿರುತ್ತದೆ.

ಅವಳದೇ ಖಾತೆ, ಅವಳದೇ ಸಹಿ

ಪ್ರಯಾಣದ ನಂತರದ ಹೆಜ್ಜೆ ಹಣ. ಮೊದಲ ಸೆಮಿಸ್ಟರ್‌ನಲ್ಲೇ ವಿದ್ಯಾರ್ಥಿನಿ ತಾನೇ ಹೋಗಿ ಮಾಡಿಸಿಕೊಳ್ಳಬಹುದಾದ ಕೆಲಸಗಳು ಇವು:

* ಬ್ಯಾಂಕ್ ಖಾತೆ: 10 ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಿರ್ವಹಿಸಬಹುದು ಎಂದು ಆರ್‌ಬಿಐ 2025ರ ಏಪ್ರಿಲ್‌ನಲ್ಲಿ ಬ್ಯಾಂಕ್‌ಗಳಿಗೆ ಸೂಚಿಸಿದೆ. ಮಿತಿ ಎಷ್ಟೆಂಬುದನ್ನು ಆಯಾ ಬ್ಯಾಂಕ್ ನಿರ್ಧರಿಸುತ್ತದೆ. ಚಿಕ್ಕವಯಸ್ಸಿನಲ್ಲಿ ತೆರೆದ ಖಾತೆ ಇದ್ದರೆ 18 ತುಂಬಿದ ಮೇಲೆ ಬ್ಯಾಂಕ್‌ಗೆ ಹೋಗಿ ಹೊಸ ಮಾದರಿ ಸಹಿ ಕೊಡಬೇಕು.

* ಆಧಾರ್ ಜೋಡಣೆ: ಕರ್ನಾಟಕದ ಎಸ್‌ಎಸ್‌ಪಿ ಪೋರ್ಟಲ್ ಮೂಲಕ ಬರುವ ವಿದ್ಯಾರ್ಥಿವೇತನ, ಆಧಾರ್ ಜೋಡಣೆಯಾದ ವಿದ್ಯಾರ್ಥಿಯ ಖಾತೆಗೇ ಜಮೆಯಾಗುತ್ತದೆ. ಎರಡು ಖಾತೆಗಳಿದ್ದರೆ ಹಣ ಬರುವುದು ನೇರ ನಗದು ವರ್ಗಾವಣೆಗೆಂದು ಆಧಾರ್ ಜೋಡಿಸಿದ ಒಂದೇ ಖಾತೆಗೆ. ಅದು ಯಾವುದು ಎಂದು ಮೊದಲೇ ನೋಡಿಕೊಳ್ಳಿ.

* ಮತದಾರರ ಪಟ್ಟಿ: ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಕು, ಹೀಗೆ ವರ್ಷಕ್ಕೆ 4 ಅರ್ಹತಾ ದಿನಗಳಿವೆ. 17 ತುಂಬಿದವರು ಮುಂಗಡವಾಗಿ ನಮೂನೆ 6ರಲ್ಲಿ ಅರ್ಜಿ ಹಾಕಬಹುದು. ಹಾಸ್ಟೆಲ್‌ನಲ್ಲಿರುವವರು ಊರಿನ ವಿಳಾಸ ಅಥವಾ ಹಾಸ್ಟೆಲ್ ವಿಳಾಸ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು.

* ಸಹಾಯವಾಣಿಗಳು: ತುರ್ತು ನೆರವಿಗೆ 112, ಮಹಿಳಾ ಸಹಾಯವಾಣಿ 181, ರ‍್ಯಾಗಿಂಗ್ ದೂರಿಗೆ 1800-180-5522, ಮಾನಸಿಕ ಒತ್ತಡಕ್ಕೆ ಟೆಲಿ ಮಾನಸ್ 14416. ಕಾಲೇಜಿನ ಆಂತರಿಕ ದೂರು ಸಮಿತಿಯಲ್ಲಿ ಯಾರಿದ್ದಾರೆ ಎಂಬುದನ್ನೂ ತಿಳಿದಿಟ್ಟುಕೊಳ್ಳಿ.

ಪಟ್ಟಿ ನೋಡಲು ಸರಳ. ಆದರೆ ಇವುಗಳನ್ನು ಅಪ್ಪನೋ ಅಣ್ಣನೋ ಮಾಡಿಸಿಕೊಟ್ಟರೆ ಅರ್ಧ ಪ್ರಯೋಜನವಷ್ಟೇ. ಸಾಲಿನಲ್ಲಿ ನಿಂತು, ಫಾರಂ ತಪ್ಪಾಗಿ ತುಂಬಿ, 'ನಾಳೆ ಬನ್ನಿ' ಎನ್ನಿಸಿಕೊಂಡು, ಮರುದಿನ ಮತ್ತೆ ಹೋಗಿ ಮುಗಿಸಿ ಬಂದವಳಿಗೆ ಮುಂದಿನ ಕಚೇರಿಯ ಬಾಗಿಲು ಅಷ್ಟು ದೊಡ್ಡದಾಗಿ ಕಾಣುವುದಿಲ್ಲ.

ಪೋಷಕರು ಏನು ಮಾಡಬಹುದು?

ಭಯ ಸಹಜ. ಅದನ್ನು ಹೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ 'ಬೇಡ' ಎನ್ನುವ ಮೊದಲು ಒಂದು ಕೆಲಸ ಮಾಡಿ. ಪ್ರವೇಶಕ್ಕೂ ಮುನ್ನ ಕಾಲೇಜು ಸಮಯದಲ್ಲೇ ಮಗಳೊಂದಿಗೆ ಅದೇ ಬಸ್‌ನಲ್ಲಿ ಹೋಗಿ ಬನ್ನಿ. ಎಲ್ಲಿ ಹತ್ತಬೇಕು, ಎಲ್ಲಿ ಬದಲಿಸಬೇಕು, ಸಂಜೆಯ ಕೊನೆಯ ಬಸ್ ಎಷ್ಟು ಗಂಟೆಗೆ ಎಂದು ಅವಳೇ ವಿಚಾರಿಸಲಿ, ನೀವು ಪಕ್ಕದಲ್ಲಿರಿ. ಎರಡನೇ ಸಲ ಅವಳು ಮುಂದೆ ಕೂರಲಿ, ನೀವು ಹಿಂದಿನ ಸೀಟಿನಲ್ಲಿರಿ. ಮೂರನೇ ಸಲ ನಿಲ್ದಾಣದವರೆಗೆ ಬಿಟ್ಟು ಬನ್ನಿ.

ಬಸ್ ಸಾಲದಿದ್ದರೆ ಪೋಷಕರು, ಕಾಲೇಜು ಪ್ರಾಂಶುಪಾಲರು ಸೇರಿ ಡಿಪೋ ವ್ಯವಸ್ಥಾಪಕರಿಗೆ ಲಿಖಿತ ಮನವಿ ಕೊಡಿ. ಎಷ್ಟು ವಿದ್ಯಾರ್ಥಿಗಳು, ಯಾವ ನಿಲ್ದಾಣ, ಯಾವ ಸಮಯ ಎಂಬ ವಿವರ ಅದರಲ್ಲಿರಲಿ. ಮಗಳ ಕಾಲೇಜು ಬದಲಿಸುವ ಬದಲು ಬಸ್ಸಿನ ಸಮಯ ಬದಲಿಸಲು ಸಾಧ್ಯವೇ ಎಂದು ಒಮ್ಮೆ ಕೇಳಿ ನೋಡಬಾರದೇಕೆ?

ಒಟ್ಟಿನಲ್ಲಿ ಶೂನ್ಯ ದರದ ಟಿಕೆಟ್ ಹುಡುಗಿಯನ್ನು ಕಾಲೇಜಿನ ಗೇಟ್‌ವರೆಗೆ ಬಿಡುತ್ತದೆ. ಅಲ್ಲಿಂದ ಮುಂದಕ್ಕೆ ಸಮಯಕ್ಕೆ ಬರುವ ಬಸ್, ದೀಪವಿರುವ ರಸ್ತೆ, ಅವಳ ಹೆಸರಿನ ಖಾತೆ ಮತ್ತು 'ಹೋಗಿ ಬಾ' ಎನ್ನುವ ಮನೆ ಬೇಕು. ಮೊದಲ ಮೂರನ್ನು ಸರ್ಕಾರ, ಬ್ಯಾಂಕ್‌ಗಳಿಂದ ಕೇಳಿ ಪಡೆಯಬಹುದು. ಕೊನೆಯದು ಮಾತ್ರ ಮನೆಯವರ ಕೈಯಲ್ಲೇ ಇದೆ.